ಮಳೆಗಾಲದ ಮೊಟ್ಟೆ, ಬೇಸಿಗೆಯ ಹಾಕಿ

ಜುಲೈ ತಿಂಗಳು, ದಕ್ಷಿಣ ಕೊಡಗಿನ ಒಂದು ಹಾಡಿ, ಅಂದರೆ ಗಿರಿಜನರ ಕೇರಿ. ಅಂಗನವಾಡಿ ಟೀಚರ್ ಒಂದು ಕೈಲಿ ಕೊಡೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ದಿಬ್ಬ ಹತ್ತುತ್ತಿದ್ದರು. ಹಿಂದೆ ಮಗು ಎತ್ತಿಕೊಂಡ ತಾಯಿ. ನೆಟ್‌ವರ್ಕ್ ಸಿಗುವುದು ಆ ದಿಬ್ಬದ ಮೇಲೆ ಮಾತ್ರ. ಮನೆಗೆ ಕೊಡುವ ಆಹಾರಕ್ಕೆ 2025ರ ಜುಲೈನಿಂದ ಆ್ಯಪಿನಲ್ಲಿ ಮುಖ ತೋರಿಸಲೇಬೇಕು. ಮಳೆಯಲ್ಲಿ ನೆನೆದ ಮುಖವನ್ನು ಅದು ಮೂರನೇ ಸಲಕ್ಕೆ ಒಪ್ಪಿತು. ‘ಇಷ್ಟೊತ್ತಿಗೆ ಸಾರು ಕುದೀತಿತ್ತು ಸರ್’ ಎಂದು ಟೀಚರ್ ನಕ್ಕರು.

ಮಕ್ಕಳ ಊಟಕ್ಕೆ ಸರ್ಕಾರ ದುಡ್ಡು ಕೊಡುವುದು ಹೊಸದೇನಲ್ಲ. ಈಗ ಅರವತ್ತು ದಾಟಿದವರನ್ನು ಕೇಳಿ, ಶಾಲೆಯಲ್ಲಿ ತಿಂದ ಗೋವಿನಜೋಳದ ಹಳದಿ ಉಪ್ಪಿಟ್ಟು, ಹಾಲಿನ ಪುಡಿ ನೆನಪಿಸಿಕೊಳ್ಳುತ್ತಾರೆ. ಅದು ಅಮೆರಿಕದ ಕೇರ್ ಸಂಸ್ಥೆಯಿಂದ ಬರುತ್ತಿತ್ತು. ನಮ್ಮದೇ ಖರ್ಚಿನ ದೊಡ್ಡ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಅಂಗನವಾಡಿಗಳು ಹುಟ್ಟಿದ್ದು ಆಗಲೇ. ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ.

1995ರಲ್ಲಿ ಕೇಂದ್ರ ಶಾಲೆಯ ಊಟಕ್ಕೆ ಕೈಹಾಕಿತು. ಹೆಸರಿಗೆ ಊಟ. ಸಿಕ್ಕಿದ್ದು ತಿಂಗಳಿಗೆ 3 ಕೆ.ಜಿ. ಧಾನ್ಯ, ಅದೂ ಹಾಜರಾತಿ ಸರಿ ಇದ್ದವರಿಗೆ. ಮನೆಗೆ ಹೋದ ಅಕ್ಕಿ ಮನೆಯವರ ಪಾಲೆಲ್ಲ ಆಗಿ ಮಗುವಿನ ತಟ್ಟೆಗೆ ಎಷ್ಟು ಬಿತ್ತೋ! ಬೇಯಿಸಿಯೇ ಬಡಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರ ನವೆಂಬರ್‌ನಲ್ಲಿ. ಮರುವರ್ಷ ಶಾಲೆಯ ಬಿಸಿಯೂಟದ ಯೋಜನೆ ‘ಅಕ್ಷರ ದಾಸೋಹ’ ರಾಜ್ಯದ ಉತ್ತರದ 7 ಜಿಲ್ಲೆಗಳಲ್ಲಿ ಆರಂಭವಾಯಿತು. ಕೊಡಗಿನ ಕಡೆಗೆ ಬಂದದ್ದು 2003ರಲ್ಲಿ. ಹಾಲು ಸೇರಿದ್ದು 2013ರಲ್ಲಿ, ಮೊಟ್ಟೆ ಇನ್ನೂ ತಡವಾಗಿ. ಈಗ ಶಾಲೆಯ ಮೊಟ್ಟೆಗೆ ಖಾಸಗಿ ದುಡ್ಡೂ ಇದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡಲು ಒಪ್ಪಿತು. ಅದರಿಂದ ವಾರಕ್ಕೆ ಎರಡಿದ್ದ ಮೊಟ್ಟೆ ಆರಾಯಿತು.

ಅಂಗನವಾಡಿಯ ಲೆಕ್ಕ ಮಾತ್ರ ಬಿಗಿ. 2017ರಲ್ಲಿ ಒಂದು ಮಗುವಿಗೆ ದಿನಕ್ಕೆ 6 ರೂಪಾಯಿ ಇದ್ದದ್ದನ್ನು 8 ಮಾಡಿದರು. ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಆಗಿನ ನಿಯಮದಂತೆ ಅಷ್ಟರಲ್ಲಿ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಕೊಡಬೇಕಿತ್ತು. ಮಡಿಕೇರಿಯಲ್ಲಿ ಆ ದುಡ್ಡಿಗೆ ಒಂದು ಟೀ ಸಿಗೋದೂ ಕಷ್ಟ, ಅಲ್ವಾ?

ಕೊಡಗಿಗೆ ಇನ್ನೊಂದು ಲೆಕ್ಕವಿದೆ, ಮಳೆಯದು. ಕಾಫಿ ಕೊಯ್ಲು ಡಿಸೆಂಬರ್ ಸುಮಾರಿಗೆ ಶುರುವಾದರೆ ಫೆಬ್ರವರಿವರೆಗೂ ಕೈತುಂಬ ಕೆಲಸ. ಜೂನ್ ಹಿಡಿದ ಮಳೆ ಬಿಡದಿದ್ದರೆ ತೋಟದಲ್ಲಿ ಕೂಲಿ ಕಮ್ಮಿ. ಕೂಲಿ ಇಲ್ಲದ ದಿನ ಸಾರು ತೆಳ್ಳಗಾಗುತ್ತದೆ. ಜೇನುಕುರುಬ, ಕೊರಗ, ಯರವರಂಥ ಸಮುದಾಯಗಳಿಗೆ ರಾಜ್ಯ ಸರ್ಕಾರ ಪೌಷ್ಟಿಕ ಆಹಾರದ ಕಿಟ್ ತಂದಾಗ ಈ ಲೆಕ್ಕವನ್ನೇ ಹಿಡಿದಿತ್ತು. ಆಗ ಮಳೆಗಾಲದಿಂದ ಆರು ತಿಂಗಳು ಬೇಳೆ, ಕಾಳು, ಬೆಲ್ಲ, ಎಣ್ಣೆ, ಮೊಟ್ಟೆ, ನಂದಿನಿ ತುಪ್ಪ ಕೊಡುತ್ತಿದ್ದರು. ನನ್ನ ಕಣ್ಣಿಗೆ ಈ ಇಡೀ ಚರಿತ್ರೆಯಲ್ಲಿ ಊರಿನ ಹವಾಮಾನ ನೋಡಿ ಮಾಡಿದ ಯೋಜನೆ ಇದೊಂದೇ.

ಇಲ್ಲಿನ ಜನಕ್ಕೆ ಮಳೆಗಾಲದ ಊಟ ಗೊತ್ತಿಲ್ಲ ಅಂತಲ್ಲ. ಕಣಿಲೆ (ಎಳೆ ಬಿದಿರು), ಅಣಬೆ, ಕೆಸು ಎಲ್ಲ ಆಗಲೇ. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನ ನೇರಳೆ ಪಾಯಸ. (ಮೊದಲ ಸಲ ತಿಂದವರು ಮರುದಿನ ಬಚ್ಚಲಲ್ಲಿ ಹೆದರಬೇಡಿ, ಬಣ್ಣ ಅದರದ್ದೇ.) ಆದರೆ ಕಾಡಿನಿಂದ ಹೊರಗೆ ಬಂದು ತೋಟದ ಕೂಲಿಯವರ ಲೈನ್ ಮನೆ ಸೇರಿದವರಿಗೆ ಕಣಿಲೆಯೂ ಸಂತೆಯಲ್ಲಿ ಕೊಳ್ಳುವ ಸಾಮಾನು.

ಆಟದ ಕಥೆಯೇ ಬೇರೆ. ಕೊಡಗಿನ ಹೆಸರು ಹೇಳಿದರೆ ಹಾಕಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಕೌಟುಂಬಿಕ ಹಾಕಿ ಹಬ್ಬಕ್ಕೆ ಬಂದದ್ದು 60 ಒಕ್ಕ, ಅಂದರೆ ಕೊಡವ ಮನೆತನ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಆಡಿ ಗಿನ್ನೆಸ್ ದಾಖಲೆ ಆಯಿತು. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವ ಟೂರ್ನಿ ಬೇರೆಲ್ಲಿದೆ? ಹೊಣೆ ಹೊತ್ತ ಒಕ್ಕವೇ ಮುಂದೆ ನಿಂತು ದುಡ್ಡು ಹೊಂದಿಸುತ್ತದೆ. ಸರ್ಕಾರದ ಅನುದಾನ ಬಂದದ್ದು ಹಬ್ಬ ದೊಡ್ಡದಾದ ಮೇಲೆ. ಕೂಡಿಗೆಯ ಕ್ರೀಡಾ ಶಾಲೆ, ಪೊನ್ನಂಪೇಟೆಯ ಟರ್ಫ್ ಮೈದಾನ, ಇವಕ್ಕೂ ಸರ್ಕಾರ ಖರ್ಚು ಮಾಡಿದೆ. ಅವೆಲ್ಲ ಆಗಲೇ ಆಟ ಬಂದವರಿಗೆ.

ಸುಮ್ನೆ ಓಡಾಡಿ ಆಡುವ ಮಕ್ಕಳಿಗೆ ಏನಿತ್ತು? 2008ರಲ್ಲಿ ಬಂದ ಕೇಂದ್ರದ ಗ್ರಾಮೀಣ ಕ್ರೀಡಾ ಯೋಜನೆ ‘ಪೈಕಾ’ದಲ್ಲಿ ಒಂದು ಗ್ರಾಮ ಪಂಚಾಯಿತಿಗೆ ಮೈದಾನಕ್ಕೆಂದು ಒಂದು ಸಲ 1 ಲಕ್ಷ ರೂಪಾಯಿ. ಬಯಲುಸೀಮೆಯಲ್ಲಿ ಆ ದುಡ್ಡು ಏನಾದರೂ ಮಾಡೀತು. ಇಲ್ಲಿ ಗುಡ್ಡ ಕಡಿದು ಸಮ ಮಾಡುವ ಜೆಸಿಬಿ ಬಾಡಿಗೆಗೇ ಅದು ಕರಗುತ್ತದೆ. ಮೇಲಾಗಿ ಜಾಗ ಎಲ್ಲಿದೆ? ಒಂದು ಕಡೆ ತೋಟ, ಇನ್ನೊಂದು ಕಡೆ ಕಾಡು. ಪೈಕಾ ಹೋಗಿ ಖೇಲೋ ಇಂಡಿಯಾ ಬಂತು, ಅದರ ಕಣ್ಣು ಜಾಸ್ತಿ ಪದಕದ ಮೇಲೆ. ನರೇಗಾದಲ್ಲಿ ಮೈದಾನ ಮಾಡಬಹುದು ಎಂದಾಯಿತು. ಅದಕ್ಕೂ ಮೊದಲು ಜಾಗ ಬೇಕಿತ್ತು.

ಹೀಗೆ ಅಂಗನವಾಡಿಯ ಊಟ ಒಂದು ಇಲಾಖೆಯದು, ಹಾಡಿಯ ಕಿಟ್ ಇನ್ನೊಂದರದು, ಶಾಲೆಯ ಬಿಸಿಯೂಟ ಮತ್ತೊಂದರದು, ಆಟ ನಾಲ್ಕನೆಯದರದು. ಮಗು ಒಂದೇ.

ಅವತ್ತು ಊಟ ಮುಗಿಯುವ ಹೊತ್ತಿಗೆ ಮಳೆ ಹೊಳವಾಯಿತು. ಅಂಗನವಾಡಿ ಪಕ್ಕದ ಓರೆ ಜಾಗದಲ್ಲಿ ದೊಡ್ಡ ಹುಡುಗರು ಆಟ ಹೂಡಿದರು. ಕಾಫಿ ಗಿಡದ ಬಾಗಿದ ಕೋಲೇ ಸ್ಟಿಕ್, ಗೋಲಿಗೆ ಎರಡು ಚಪ್ಪಲಿ. ನಾಲ್ಕನೇ ಹೊಡೆತಕ್ಕೆ ಬಾಲ್ ಇಳಿಜಾರಿಗೆ ಉರುಳಿ ತೋಟದ ತಂತಿ ಬೇಲಿ ದಾಟಿತು. ಒಳಗೆ ನಾಯಿ ಇದೆ ಎಂದು ಯಾರೂ ತರಲು ಹೋಗಲಿಲ್ಲ.