ಬಳೆಗಾರನ ಗುಂಡಿನ ಮೇಲಿನ ಒಂದು ಪದ: ಸಂಶೋಧನೆಯ ಜಾಡು ಹಿಡಿದ ರೋಚಕ ಕಾದಂಬರಿಗಳ ಓದಿಗೆ ಟಿಪ್ಪಣಿ

ಶಾಸನ, ಐತಿಹ್ಯ ಮತ್ತು ವಿದ್ವಾಂಸರ ಹುಡುಕಾಟವನ್ನು ಹೆಣೆದು ಬರೆದ ರೋಚಕ ಕಾದಂಬರಿಗಳು ಏಕೆ ಕೈಬಿಡದೆ ಓದಿಸಿಕೊಳ್ಳುತ್ತವೆ ಎಂಬ ಪ್ರಶ್ನೆ ದಾವಣಗೆರೆಯ ನಮ್ಮ ಓದುಗರ ಬಳಗದಲ್ಲಿ ಬಂದಾಗ, ಹೆಚ್ಚಿನವರು ನಿಧಿ, ಕೊಲೆ, ಗುಪ್ತಲಿಪಿ ಎಂದರು. ಇವೆಲ್ಲ ಸಾಮಾನ್ಯ ಪತ್ತೇದಾರಿ ಕಥೆಯಲ್ಲೂ ಸಿಗುತ್ತವೆ. ಒಂದು ತಿಳಿವಳಿಕೆ ಹೇಗೆ ಹುಟ್ಟಿತು, ಯಾವ ಆಧಾರದ ಮೇಲೆ ನಿಂತಿತು ಎಂಬುದೇ ಇಲ್ಲಿ ಕಥೆಯ ಓಟವಾಗುತ್ತದೆ. ಈ ಪ್ರಕಾರದ ಸೆಳೆತ ಅಲ್ಲಿದೆ ಎಂದು ನಾನು ನಂಬುತ್ತೇನೆ.

ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೇ ಇದಕ್ಕೆ ನಿದರ್ಶನವಿದೆ. ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ರಾವಣನೊಡನೆ ಕಾದಾಡಿದ ಜಟಾಯು ಬಿದ್ದನೆಂದು ಸ್ಥಳಪುರಾಣ ಹೇಳುತ್ತದೆ. ಅದೇ ಬೆಟ್ಟದಲ್ಲಿ, ಜಾತ್ರೆಗೆ ಬರುವ ಬಳೆ ವ್ಯಾಪಾರಿಗಳಿಂದ ‘ಬಳೆಗಾರನ ಗುಂಡು’ ಎಂದು ಹೆಸರಾದ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ಇದನ್ನೂ ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳನ್ನೂ ಬೆಳಕಿಗೆ ತಂದರು. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಕೊನೆಯಲ್ಲಿ, ಬರೆದವನು ಚಪಡ ಎಂದು ಹೇಳುವಾಗ, ‘ಲಿಪಿಕಾರನಿಂದ’ ಎಂಬ ಅರ್ಥದ ಒಂದೇ ಒಂದು ಪದ ಖರೋಷ್ಠಿಯಲ್ಲಿದೆ. ಬ್ರಾಹ್ಮಿ ಎಡದಿಂದ ಬಲಕ್ಕೆ ಸಾಗಿದರೆ ಖರೋಷ್ಠಿ ಬಲದಿಂದ ಎಡಕ್ಕೆ ಸಾಗುತ್ತದೆ. ಅದು ಇಂದಿನ ಪಾಕಿಸ್ತಾನದಲ್ಲಿರುವ ಶಹಬಾಜ್‌ಗಢಿ, ಮಾನ್ಸೆಹ್ರಾಗಳಂಥ ವಾಯವ್ಯದ ನೆಲೆಗಳ ಲಿಪಿ. ಅಷ್ಟು ದೂರದ ಅಕ್ಷರ ಮೊಳಕಾಲ್ಮೂರಿನ ಬಂಡೆಗೆ ಹೇಗೆ ಬಂತು? ಚಪಡ ಆ ಕಡೆಯವನೋ, ಅಲ್ಲಿ ಕೆಲಸ ಮಾಡಿದವನೋ, ತನ್ನ ವಿದ್ಯೆಯನ್ನು ತೋರಿಸಬಯಸಿದವನೋ ಎಂಬುದನ್ನು ಕಲ್ಲು ಹೇಳುವುದಿಲ್ಲ. ಕಾದಂಬರಿಕಾರನಿಗೆ ಬೇಕಾದದ್ದು ಇಂಥ ಮೌನವೇ. ಅಶೋಕನ ದೊಡ್ಡ ಹೆಸರಿಗಿಂತ ಈ ಲಿಪಿಕಾರನ ಒಂದು ಪದ ನನ್ನನ್ನು ಹೆಚ್ಚು ಕಾಡಿದೆ.

ಓದುವ ಕ್ರಿಯೆಯೇ ವಿವಾದವಾಗುವುದು ಇನ್ನೊಂದು ಆಕರ್ಷಣೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಶಾಸನದಲ್ಲಿ ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ ಸಂಗತಿಯಿದೆ. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಅದರಲ್ಲಿ ಅವನು ಸೋಲಿಸಿದ ಪಲ್ಲವ, ಆಭೀರ, ತ್ರೈಕೂಟ ಮೊದಲಾದವರ ಹೆಸರುಗಳನ್ನೂ ಓದಿದರು. ಮುಂದಿನ ವಿದ್ವಾಂಸರು ಆ ಪಾಠವನ್ನು ಪ್ರಶ್ನಿಸಿದರು. ಸವೆದ ಕೆಲವು ಅಕ್ಷರಗಳನ್ನು ಒಪ್ಪಿದರೆ ಮಯೂರಶರ್ಮ ಬಹುದೂರದವರೆಗೆ ಗೆದ್ದ ಅರಸ, ಒಪ್ಪದಿದ್ದರೆ ಆ ಬಂಡೆಯಲ್ಲಿ ಉಳಿಯುವುದು ಕೆರೆಯೊಂದೇ. ಇಷ್ಟು ದೊಡ್ಡ ವ್ಯತ್ಯಾಸ ಇಷ್ಟು ಸಣ್ಣ ಗೀರುಗಳಲ್ಲಿ ಅಡಗಿರುವಾಗ ಕುತೂಹಲಕ್ಕೆ ಬೇರೆ ಖಳನಾಯಕ ಬೇಕಿಲ್ಲ.

ಐತಿಹ್ಯವನ್ನು ಬಳಸುವಾಗ ಹಲವು ಕೃತಿಗಳು ಎಡವುತ್ತವೆ. ಪುರಾಣದ ಪ್ರತಿ ಮಾತಿಗೂ ಭೌತಿಕ ಪುರಾವೆ ಸಿಕ್ಕಿತೆಂದು ಕೊನೆಯ ಅಧ್ಯಾಯದಲ್ಲಿ ಘೋಷಿಸುವ ಕಾದಂಬರಿ, ಸಂಶೋಧನೆಗೂ ಐತಿಹ್ಯಕ್ಕೂ ಅನ್ಯಾಯ ಮಾಡುತ್ತದೆ. 1779ರಲ್ಲಿ ಹೈದರ್ ಅಲಿಗೆ ಚಿತ್ರದುರ್ಗ ವಶವಾದದ್ದು ಇತಿಹಾಸ. ಒನಕೆ ಓಬವ್ವನ ಕಥೆಯನ್ನು ದುರ್ಗದ ಜನ ಕಿಂಡಿಯ ಮುಂದೆ ನಿಂತು ಇಂದಿಗೂ ಹೇಳಿಕೊಳ್ಳುವುದು ಬೇರೆ ಬಗೆಯ ಸತ್ಯ. ಅದು ಕೋಟೆಯನ್ನು ಜನ ಯಾರ ಕಣ್ಣಿನಿಂದ ನೆನೆದರೆಂಬುದಕ್ಕೆ ಸಾಕ್ಷಿ.

ಆದ್ದರಿಂದ ಇಂಥ ಕೃತಿಯನ್ನು ಓದುವಾಗ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ಶಾ’, ‘ಐ’, ‘ಕ’ ಎಂದು ಗುರುತು ಹಾಕಿರಿ: ಶಾಸನ ಹೇಳಿದ್ದು, ಐತಿಹ್ಯ ಹೇಳಿದ್ದು, ಕಾದಂಬರಿಕಾರ ಕಲ್ಪಿಸಿದ್ದು. ಗುರುತು ಹಾಕಲು ಕೈ ತಡವರಿಸುವ ಸಾಲುಗಳನ್ನು ಮುಂದಿನ ಭೇಟಿಗೆ ತನ್ನಿರಿ. ಚರ್ಚೆಯನ್ನು ಅಲ್ಲಿಂದಲೇ ಆರಂಭಿಸೋಣ.