ಮೈ ಹಗುರಾದ ದಿನವೇ ಹುಷಾರಾಗಿರಬೇಕು

ಶಿರಸಿ ಕಡೆ ಅಡಿಕೆ ಸುಲಿಯುವ ಹಂಗಾಮಿನಲ್ಲಿ ಮೈಕೈ ನೋವು ಯಾರಿಗಿರುವುದಿಲ್ಲ? ಬಿಸಿನೀರು ಹೊಯ್ದುಕೊಂಡು ಮಲಗಿದರೆ ಒಂದೆರಡು ದಿನಕ್ಕೆ ಇಳಿಯುತ್ತದೆ. ಕೆಲವರಿಗೆ ಮಾತ್ರ ಹಂಗಾಮು ಮುಗಿದರೂ ಇಳಿಯುವುದಿಲ್ಲ. ಕುತ್ತಿಗೆ, ಭುಜ, ಸೊಂಟ, ತೊಡೆ ಎಲ್ಲ ಕಡೆ ನೋವು, ಅದೂ ತಿಂಗಳುಗಟ್ಟಲೆ. ರಾತ್ರಿಯಿಡೀ ಮಲಗಿ ಎದ್ದರೂ ಸುಸ್ತು. ಆಡಲು ಹೊರಟ ಮಾತು ಅರ್ಧಕ್ಕೇ ಮರೆತುಹೋಗುತ್ತದೆ. ಎಕ್ಸ್‌ರೇ, ರಕ್ತ ಪರೀಕ್ಷೆ ಎಲ್ಲ ನಾರ್ಮಲ್. ಇದು ಫೈಬ್ರೊಮಯಾಲ್ಜಿಯ ಇರಬಹುದು. ಹೆಂಗಸರಲ್ಲೇ ಜಾಸ್ತಿ ಕಾಣುತ್ತದೆ. ರಿಪೋರ್ಟ್ ನೋಡಿದ ಮನೆಯವರು ‘ಏನೂ ಇಲ್ಲವಂತೆ’ ಅಂದುಬಿಡುತ್ತಾರೆ. ಆ ಮಾತು ಎಷ್ಟು ನೋಯಿಸುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ನೋವು ಸುಳ್ಳಲ್ಲ. 2002ರಲ್ಲಿ ಅಮೆರಿಕದ ಸಂಶೋಧಕರು ಇಂಥ 16 ಜನರ ಹೆಬ್ಬೆರಳನ್ನು ಒತ್ತುತ್ತಾ ಅವರ ಮಿದುಳಿನ ಸ್ಕ್ಯಾನ್ ಮಾಡಿದರು. ಆರೋಗ್ಯವಂತರಿಗೆ ಸುಮ್ನೆ ಮುಟ್ಟಿದಂತೆ ಅನಿಸುವಷ್ಟು ಒತ್ತಡಕ್ಕೇ ಇವರಿಗೆ ನೋವಾಗುತ್ತಿತ್ತು. ಮಿದುಳಿನಲ್ಲಿ ನೋವಿಗೆ ಸ್ಪಂದಿಸುವ ಭಾಗಗಳೂ ಅದನ್ನೇ ತೋರಿಸಿದವು. ಅಂದರೆ ಸ್ನಾಯು ಹರಿದಿಲ್ಲ, ಕೀಲು ಸವೆದಿಲ್ಲ, ನರಮಂಡಲವೇ ಚುರುಕಾಗಿಬಿಟ್ಟಿದೆ.

ಹಾಗಾಗಿ ಹಾಸಿಗೆ ಹಿಡಿದು ಮಲಗುವುದು ಇದಕ್ಕೆ ಮದ್ದಲ್ಲ. ಮಲಗಿದಷ್ಟೂ ಸ್ನಾಯುಗಳ ಕಸುವು ಹೋಗುತ್ತದೆ, ನಿದ್ದೆ ಕೆಡುತ್ತದೆ, ನೋವು ಏರುತ್ತದೆ. ಯುರೋಪಿನ ಸಂಧಿವಾತ ತಜ್ಞರ ಸಂಘಟನೆ ಯೂಲಾರ್ 2016ರಲ್ಲಿ ಎಲ್ಲ ಚಿಕಿತ್ಸೆಗಳನ್ನೂ ತೂಗಿ ನೋಡಿ, ಗಟ್ಟಿಯಾಗಿ ಶಿಫಾರಸು ಮಾಡಿದ್ದು ಒಂದನ್ನೇ: ವ್ಯಾಯಾಮ.

ಎಷ್ಟು ಮಾಡಬೇಕು ಅನ್ನುವುದೇ ಇಲ್ಲಿ ಕಷ್ಟದ ಪ್ರಶ್ನೆ. ಒಂದು ದಿನ ಮೈ ಹಗುರಾಗಿರುತ್ತದೆ. ಬಾಕಿ ಉಳಿದ ಬಟ್ಟೆ, ಪಾತ್ರೆ, ಕೊಟ್ಟಿಗೆ ಎಲ್ಲ ಅವತ್ತೇ ಮುಗಿಸಿಬಿಡೋಣ ಅನಿಸುತ್ತದೆ, ಅಲ್ವಾ? ಮರುದಿನದಿಂದ ಮೂರು ದಿನ ಏಳಲಾಗುವುದಿಲ್ಲ. ನನ್ನ ಪ್ರಕಾರ ಈ ಕಾಯಿಲೆಯಲ್ಲಿ ಜನ ಸೋಲುವುದು ಇಲ್ಲೇ. ಫಿಸಿಯೋಥೆರಪಿಯಲ್ಲಿ ಇದಕ್ಕೊಂದು ದಾರಿಯಿದೆ. ಕೆಲಸ ನಿಲ್ಲಿಸಲು ಸುಸ್ತಿಗೆ ಕಾಯಬೇಡಿ, ಗಡಿಯಾರ ನೋಡಿ. ಸುಲಿಯಲು ಕೂತರೆ ಹದಿನೈದು ನಿಮಿಷ, ಆಮೇಲೆ ಎದ್ದು ನಾಲ್ಕು ಹೆಜ್ಜೆ ಓಡಾಡಿ, ಭುಜ ತಿರುಗಿಸಿ, ಮತ್ತೆ ಕೂರಿ. ‘ಇನ್ನೂ ಕೂರಬಹುದಿತ್ತು’ ಅನಿಸುವಾಗಲೇ ಏಳಬೇಕು.

ನಡಿಗೆಗೂ ಇದೇ ಲೆಕ್ಕ. ತೀರಾ ನೋವಿರುವ ದಿನವೂ ಐದು ನಿಮಿಷ ನಡೆಯಬಲ್ಲಿರಾದರೆ ಅಲ್ಲಿಂದಲೇ ಶುರು ಮಾಡಿ. ವಾರಕ್ಕೆ ಒಂದೋ ಎರಡೋ ನಿಮಿಷ ಏರಿಸಿ. ಮಾತಾಡುತ್ತಾ ನಡೆಯುವಷ್ಟು ವೇಗ ಸಾಕು. ಕಾರವಾರದ ಟ್ಯಾಗೋರ್ ಕಡಲತೀರದಂಥ ಜಾಗದಲ್ಲಾದರೆ ಇಳಿತದ ಹೊತ್ತಿಗೆ ನೀರಂಚಿನ ಗಟ್ಟಿ ಮರಳಿನ ಮೇಲೆ ನಡೆಯಿರಿ. ಒಣ ಮರಳಲ್ಲಿ ಕಾಲು ಹೂತು ಮೀನಖಂಡ ಹಿಡಿದುಕೊಳ್ಳುತ್ತದೆ. ಮೊದಮೊದಲು ನೋವು ಸ್ವಲ್ಪ ಜಾಸ್ತಿಯಾಗಬಹುದು. ಆಗ ಪೂರ್ತಿ ಬಿಡಬೇಡಿ, ಕಡಿಮೆ ಮಾಡಿ.

ಬೆಚ್ಚಗಿನ ನೀರಿನ ಕೊಳದಲ್ಲಿ ಮಾಡುವ ವ್ಯಾಯಾಮದಿಂದಲೂ ಉಪಯೋಗವಿದೆ. ಅಲೆಯಿರುವ ಸಮುದ್ರ ಅದಕ್ಕಾಗದು. ಹಂಡೆಯ ಬಿಸಿನೀರಿನ ಸ್ನಾನ ಮುಗಿಸಿ, ಮೈ ಸಡಿಲವಾದಾಗ ಕೈಕಾಲು ಚಾಚುವ ವ್ಯಾಯಾಮ ಮಾಡಬಹುದು. ಕುರ್ಚಿಯಿಂದ ಎದ್ದು ಕೂರುವುದನ್ನೇ ನಾಲ್ಕೈದು ಸಲ ಮಾಡಿದರೆ ತೊಡೆಗೆ ಬಲ ಬರುತ್ತದೆ.

ಕೀಲು ಊದಿಕೊಂಡರೆ, ಜ್ವರ ಬಂದರೆ, ತೂಕ ಇಳಿದರೆ ಕಾರಣ ಬೇರೆ ಇರಬಹುದು, ಮೊದಲು ಡಾಕ್ಟರಿಗೆ ತೋರಿಸಿ. ಇನ್ನು ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ಬೇಡ. ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದರೂ ನಡಿಗೆಯೇ.