ಜ್ವರ ಬಂದಾಗ ಕಬ್ಬಿಣ ಅಡಗುವುದೇಕೆ?

"ಅಕ್ಕಾ, ಕೂಸಿಗಿ ಜ್ವರ ಬಂದಾವ. ಇವತ್ತ ರಕ್ತದ ಟಾನಿಕ್ ಹಾಕ್ಲೇನು, ಬ್ಯಾಡೇನು?"

ಆಳಂದ ಸೀಮೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿಗೆ ಇಂಥ ಪ್ರಶ್ನೆ ಹೊಸದಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಕೊಡುವ ಆ ಒಂದು ಮಿಲಿ ಟಾನಿಕ್‌ನಲ್ಲಿ 20 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ನಮ್ಮ ಕಲಬುರಗಿ, ಯಾದಗಿರಿ ಕಡೆ ರಕ್ತಹೀನತೆ ಮಕ್ಕಳನ್ನು ಎಷ್ಟು ಸೊರಗಿಸಿದೆ ಎಂದು ಕಂಡವರಿಗೆ ಒಂದು ಹನಿಯೂ ತಪ್ಪಬಾರದು ಅನಿಸುತ್ತದೆ. ಆದರೂ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಸೂಚನೆ ಸ್ಪಷ್ಟ: ಜ್ವರ, ಭೇದಿ, ನ್ಯುಮೋನಿಯಾ ಇದ್ದಾಗ ಟಾನಿಕ್ ತಡೆಹಿಡಿಯಬೇಕು, ಮಗು ಗುಣವಾದ ಮೇಲೆ ಮತ್ತೆ ಶುರು ಮಾಡಬೇಕು.

ಇದಕ್ಕೆ ಕಾರಣ ನಮ್ಮ ದೇಹದಲ್ಲೇ ಇದೆ. ದೊಡ್ಡವರ ಮೈಯಲ್ಲಿ ಮೂರು ನಾಲ್ಕು ಗ್ರಾಂ ಕಬ್ಬಿಣ ಇರುತ್ತದೆ, ಬಹುಪಾಲು ಹಿಮೋಗ್ಲೋಬಿನ್‌ನಲ್ಲಿ. ರಕ್ತದ್ರವದಲ್ಲಿ ಓಡಾಡುವುದು ಸುಮಾರು ಮೂರು ಮಿಲಿಗ್ರಾಂ ಮಾತ್ರ, ಅದೂ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನ ಹಿಡಿತದಲ್ಲಿ. ಬ್ಯಾಕ್ಟೀರಿಯಾಗಳಿಗೂ ಉಸಿರಾಟಕ್ಕೆ, ಡಿಎನ್‌ಎ ಕಟ್ಟಲು ಕಬ್ಬಿಣ ಬೇಕೇ ಬೇಕು. ಸೋಂಕು ತಗುಲಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಸುರಿಸುತ್ತದೆ. ಬರೀ 25 ಅಮೈನೋ ಆಮ್ಲಗಳ ಈ ಪುಟ್ಟ ಅಣು ಪತ್ತೆಯಾದದ್ದು 2000ದ ಆಸುಪಾಸಿನಲ್ಲಿ. ಜೀವಕೋಶಗಳಿಂದ ಕಬ್ಬಿಣ ಹೊರಬರಲು ಇರುವ ಫೆರೋಪೋರ್ಟಿನ್ ಎಂಬ ದಾರಿಯನ್ನೇ ಇದು ನಾಶ ಮಾಡುತ್ತದೆ. ದಂಡು ಬರುವ ಸುದ್ದಿ ಕೇಳಿ ಹಗೇವಿನ ಬಾಯಿ ಮುಚ್ಚಿ ಮೇಲೆ ಮಣ್ಣೆಳೆದ ಹಾಗೆ. ಕರುಳಿನ ಕಬ್ಬಿಣ ಕರುಳಲ್ಲೇ, ಯಕೃತ್ತಿನದು ಯಕೃತ್ತಲ್ಲೇ ಉಳಿದು, ಕೆಲವೇ ಗಂಟೆಗಳಲ್ಲಿ ರಕ್ತದ ಕಬ್ಬಿಣ ಇಳಿಯುತ್ತದೆ.

ಕ್ಷಯದಂಥ ದೀರ್ಘಕಾಲದ ರೋಗದಲ್ಲಿ ಹಿಮೋಗ್ಲೋಬಿನ್ ಇಳಿಯುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಎಷ್ಟೋ ಜನರಲ್ಲಿ ಕ್ಷಯದ ಚಿಕಿತ್ಸೆ ಮುಂದುವರಿದಂತೆ ರಕ್ತ ತಾನಾಗಿಯೇ ಸುಧಾರಿಸುತ್ತದೆ.

ರೋಗಾಣುಗಳೇನೂ ಸುಮ್ಮನೆ ಕೂರುವುದಿಲ್ಲ. ಅನೇಕವು ಸಿಡರೋಫೋರ್ ಎಂಬ ಸಣ್ಣ ಅಣುಗಳನ್ನು ಹೊರಗೆ ಬಿಟ್ಟು, ನಮ್ಮ ಪ್ರೋಟೀನುಗಳಿಂದ ಕಬ್ಬಿಣ ಕಿತ್ತು, ಒಳಗೆ ಎಳೆದುಕೊಳ್ಳುತ್ತವೆ. ನಮ್ಮ ದೇಹ ಲಿಪೋಕಾಲಿನ್ ಎಂಬ ಪ್ರೋಟೀನಿನಿಂದ ಆ ಸಿಡರೋಫೋರ್‌ಗಳನ್ನು ದಾರಿಯಲ್ಲೇ ಹಿಡಿಯುತ್ತದೆ. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಕುಲದವು ಅದಕ್ಕೂ ಉಪಾಯ ಕಂಡುಕೊಂಡಿವೆ: ತಮ್ಮ ಸಿಡರೋಫೋರ್‌ಗೆ ಸಕ್ಕರೆಯ ಅಣು ಅಂಟಿಸುತ್ತವೆ, ಲಿಪೋಕಾಲಿನ್‌ಗೆ ಅದು ಸಿಗುವುದಿಲ್ಲ. ಕಬ್ಬಿಣದ ಒಂದು ಕಣಕ್ಕಾಗಿ ಇಷ್ಟು ಸೂಕ್ಷ್ಮವಾದ ಜಗಳ ನಮ್ಮೊಳಗೆ ನಡೆಯುತ್ತದೆಂಬುದು ನನಗೆ ಇಂದಿಗೂ ಬೆರಗು.

ಹೊರಗಿನಿಂದ ಕೊಟ್ಟ ಕಬ್ಬಿಣ ಈ ಜಗಳದಲ್ಲಿ ಯಾರ ಪಾಲಾಗುತ್ತದೆ? ಆಫ್ರಿಕಾದ ಜಾಂಜಿಬಾರಿನ ಪೆಂಬಾ ದ್ವೀಪದಲ್ಲಿ, ಮಲೇರಿಯಾ ಜೋರಾಗಿದ್ದ ಕಡೆ, ಚಿಕ್ಕ ಮಕ್ಕಳಿಗೆ ಕಬ್ಬಿಣ, ಫೋಲಿಕ್ ಆಮ್ಲ ಕೊಟ್ಟು ನೋಡಿದರು. 2006ರಲ್ಲಿ ಪ್ರಕಟವಾದ ಫಲಿತಾಂಶ ಕಳವಳ ಹುಟ್ಟಿಸಿತು: ಆಸ್ಪತ್ರೆ ಸೇರುವುದು ಅಥವಾ ಸಾವು, ಕಬ್ಬಿಣ ಪಡೆಯದ ಮಕ್ಕಳಿಗಿಂತ ಶೇ. 12ರಷ್ಟು ಹೆಚ್ಚಿತ್ತು. ಆದರೆ ಅದೇ ಅಧ್ಯಯನದಲ್ಲಿ, ನಿಜವಾಗಿ ಕಬ್ಬಿಣದ ಕೊರತೆಯಿದ್ದು ಮಲೇರಿಯಾಕ್ಕೆ ಸರಿಯಾದ ಆರೈಕೆಯೂ ಸಿಕ್ಕ ಮಕ್ಕಳಿಗೆ ಕಬ್ಬಿಣ ಒಳ್ಳೆಯದನ್ನೇ ಮಾಡಿತು. ಟಾನಿಕ್ ಕಂಡು ಹೆದರಬೇಕಿಲ್ಲ, ಹೊತ್ತು ನೋಡಿ ಹಾಕಬೇಕು.

ಹಾಗಾದರೆ ರೋಗಾಣುವಿಗೆ ಕಬ್ಬಿಣವೇ ಸಿಗದಂತೆ ಮಾಡಿದರೆ? ಇದು ಅಷ್ಟು ಸುಲಭವಲ್ಲ. 2021ರಲ್ಲಿ ಕೋವಿಡ್ ಜೊತೆ ನಮ್ಮನ್ನು ನಡುಗಿಸಿದ ಕಪ್ಪು ಶಿಲೀಂಧ್ರ ಸಕ್ಕರೆ ಕಾಯಿಲೆ ವಿಕೋಪಕ್ಕೆ ಹೋದವರನ್ನು ಹೆಚ್ಚಾಗಿ ಕಾಡುತ್ತದೆ. ಅವರ ರಕ್ತ ಆಮ್ಲೀಯವಾದಾಗ ಟ್ರಾನ್ಸ್‌ಫೆರಿನ್‌ನ ಹಿಡಿತ ಸಡಿಲವಾಗುವುದು ಇದಕ್ಕೊಂದು ಕಾರಣ. ಮೈಯಲ್ಲಿನ ಹೆಚ್ಚುವರಿ ಕಬ್ಬಿಣ ತೆಗೆಯುವ ಡೆಫೆರೊಕ್ಸಮೈನ್ ಔಷಧವನ್ನೇ ಈ ಶಿಲೀಂಧ್ರ ತನ್ನ ಸಿಡರೋಫೋರಿನಂತೆ ಬಳಸಿಕೊಳ್ಳುತ್ತದೆ. ಇನ್ನೊಂದು ಕಬ್ಬಿಣ ತೆಗೆಯುವ ಔಷಧ ಡೆಫೆರಾಸಿರಾಕ್ಸ್ ಅನ್ನು 20 ರೋಗಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2012ರಲ್ಲಿ ಬಂತು. ಔಷಧ ಪಡೆದವರಲ್ಲೇ ಸಾವು ಹೆಚ್ಚಿತ್ತು.

ಫಲ ಕೊಟ್ಟದ್ದು ಬೇರೆ ದಾರಿ. 2019ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೆಫಿಡೆರೊಕಾಲ್ ಎಂಬ ಆಂಟಿಬಯಾಟಿಕ್ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಹಸಿದ ಬ್ಯಾಕ್ಟೀರಿಯಾ ಅದನ್ನು ಸಿಡರೋಫೋರ್ ಎಂದೇ ಒಳಗೆ ಸೆಳೆದುಕೊಳ್ಳುತ್ತದೆ, ಒಳಹೊಕ್ಕ ಔಷಧ ಅದರ ಕೋಶಗೋಡೆ ಕಟ್ಟುವ ಕೆಲಸವನ್ನು ನಿಲ್ಲಿಸುತ್ತದೆ. ಬೇರೆ ಔಷಧಗಳಿಗೆ ಬಗ್ಗದ ಕೆಲವು ಸೋಂಕುಗಳಿಗೆ ಆಸ್ಪತ್ರೆಗಳಲ್ಲಿ ಇದನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಕೆಲವು ತಳಿಗಳು ಕಬ್ಬಿಣ ಸೆಳೆಯುವ ದಾರಿಯನ್ನೇ ಬದಲಿಸಿಕೊಂಡು ಇದಕ್ಕೂ ಪ್ರತಿರೋಧ ತೋರುತ್ತಿವೆ. ಹಾಗಾಗಿ ಕೊಡುವ ಮುಂಚೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ, ಈ ಔಷಧಕ್ಕೆ ಅದು ಬಗ್ಗುತ್ತದೆಯೇ ಎಂದು ನೋಡಬೇಕಾಗುತ್ತದೆ. ಆ ಪರೀಕ್ಷೆಯನ್ನು ದ್ರಾವಣದಲ್ಲಿ ಮಾಡುವುದಾದರೆ ಅದಕ್ಕೂ ಕಬ್ಬಿಣ ತೆಗೆದುಹಾಕಿದ ದ್ರಾವಣವೇ ಬೇಕು.